ನಕ್ಷತ್ರಗಳು ಮಸುಕಾದರೆ ಲೆನ್ಸ್ ಬದಲಿಸಬೇಕೇ?

ಪ್ರಶ್ನೆ: ನನ್ನ ಹತ್ತಿರ 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯುವ ಚಿಪ್ ಚಿಕ್ಕದಿರುವ) ಕ್ಯಾಮೆರಾ ಇದೆ. ಅದರ ಜೊತೆ ಬಂದ 18–55 ಲೆನ್ಸ್ ಬಿಟ್ಟರೆ ಬೇರೆ ಇಲ್ಲ. ಹೋದ ತಿಂಗಳು ಇಬ್ಬರು ಗೆಳೆಯರ ಜೊತೆ ದೂರದಲ್ಲಿ ಟೆಂಟ್ ಹಾಕಿ ಆಕಾಶಗಂಗೆಯ ಫೋಟೊ ತೆಗೆಯಲು ಹೋಗಿದ್ದೆ. 30 ಸೆಕೆಂಡ್ ಎಕ್ಸ್‌ಪೋಶರ್ (ಬೆಳಕು ಒಳಬಿಡುವ ಹೊತ್ತು) ಇಟ್ಟು ನೂರಾರು ಫೋಟೊ ತೆಗೆದೆ. ಒಂದರಲ್ಲೂ ನಕ್ಷತ್ರ ಚುಕ್ಕಿಯ ಹಾಗೆ ಬಂದಿಲ್ಲ. ನಡುರಾತ್ರಿ ಕಳೆದ ಮೇಲೆ ತೆಗೆದವಂತೂ ಹೊಗೆ ಕವಿದ ಹಾಗಿವೆ. ಮುಂದಿನ ತಿಂಗಳು ಮತ್ತೆ ಒಂದು ರಾತ್ರಿಗೆ ಹೊರಟಿದ್ದೇವೆ. ಅಷ್ಟರಲ್ಲಿ ಹೆಚ್ಚು ಬೆಳಕು ಒಳಬಿಡುವ ಎಫ್ 2.8ರ ಲೆನ್ಸ್ ಕೊಳ್ಳಲೇ? ಒಂದೇ ರಾತ್ರಿಯಲ್ಲಿ ಒಳ್ಳೆಯ ಫೋಟೊ ಸಾಧ್ಯವೇ?

ಉತ್ತರ: ಲೆನ್ಸ್ ಕೊಳ್ಳಬೇಡಿ, ಸದ್ಯಕ್ಕಂತೂ ಬೇಡ. ನೀವು ಹೇಳಿದ ತೊಂದರೆಗಳಲ್ಲಿ ಒಂದನ್ನೂ ಹೊಸ ಲೆನ್ಸ್ ಸರಿ ಮಾಡುವುದಿಲ್ಲ. ಅದೇ ತಪ್ಪುಗಳನ್ನು ಇನ್ನೂ ದುಬಾರಿ ಗಾಜಿನ ಮೂಲಕ ಮಾಡುತ್ತೀರಿ, ಅಷ್ಟೇ.

ಮೊದಲು ಹಳೆಯ ಫೋಟೊಗಳನ್ನು ಅಳಿಸದೆ ಕಂಪ್ಯೂಟರಿನಲ್ಲಿ ತೆರೆಯಿರಿ. ಚೆನ್ನಾಗಿ ದೊಡ್ಡದು ಮಾಡಿ ಒಂದು ನಕ್ಷತ್ರದ ಆಕಾರ ನೋಡಿ. ಕೆಟ್ಟ ಫೋಟೊ ತಾನು ಯಾಕೆ ಕೆಟ್ಟೆ ಅಂತ ಸ್ಪಷ್ಟವಾಗಿಯೇ ಹೇಳುತ್ತದೆ. ನಕ್ಷತ್ರ ದುಂಡಗಿದ್ದು ನಾಣ್ಯದ ಹಾಗೆ ಅಗಲವಾಗಿದ್ದರೆ ಫೋಕಸ್ ತಪ್ಪಿದೆ. ಎಲ್ಲ ನಕ್ಷತ್ರಗಳೂ ಚಿಕ್ಕ ಗೀರುಗಳಾಗಿ ಸಾಲಾಗಿ ಓರೆಯಾಗಿದ್ದರೆ ಎಕ್ಸ್‌ಪೋಶರ್ ಜಾಸ್ತಿಯಾಗಿದೆ. ಗೀರು ಸೊಟ್ಟಗಿದ್ದರೆ, ಕೊಕ್ಕೆ ಹಾಕಿದ ಹಾಗಿದ್ದರೆ, ಟ್ರೈಪಾಡ್ ಅಲುಗಾಡಿದೆ. ನಕ್ಷತ್ರದ ಸುತ್ತ ಮಬ್ಬು ಬೆಳಕಿನ ಉಂಗುರ ಇದ್ದು, ಇಡೀ ಚಿತ್ರ ಕಳೆಗುಂದಿದ್ದರೆ ಲೆನ್ಸಿನ ಮೇಲೆ ಇಬ್ಬನಿ ಕೂತಿದೆ. ನಿಮ್ಮ ವಿವರಣೆ ನೋಡಿದರೆ ಗೀರು ಮತ್ತು ಇಬ್ಬನಿ ಎರಡೂ ಖಂಡಿತ ಇವೆ. ಫೋಕಸ್ಸೂ ತಪ್ಪಿರುವ ಸಾಧ್ಯತೆ ಜಾಸ್ತಿ.

ಗೀರಿನ ಲೆಕ್ಕ ನೋಡೋಣ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಲೆನ್ಸನ್ನು ಅತಿ ಅಗಲ ನೋಟದ 18 ಮಿಲಿಮೀಟರ್ ಫೋಕಲ್ ಲೆಂತ್‌ನಲ್ಲಿ ಇಟ್ಟಾಗ ನಿಮ್ಮ ಸೆನ್ಸರಿನ ಒಂದು ಪಿಕ್ಸೆಲ್‌ಗೆ ಸಿಗುವ ಆಕಾಶದ ತುಂಡು ಎಷ್ಟು ಚಿಕ್ಕದೆಂದರೆ, ನಕ್ಷತ್ರ ಅದನ್ನು ಸುಮಾರು 3 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. 30 ಸೆಕೆಂಡ್ ಅಂದರೆ ಹತ್ತು ಪಿಕ್ಸೆಲ್ ಉದ್ದದ ಗೀರು. ಎಲ್ಲರೂ ಹೇಳುವ '500ರ ನಿಯಮ' ನೀವೂ ಕೇಳಿರಬಹುದು: 500 ಅನ್ನು ಫೋಕಲ್ ಲೆಂತ್‌ನಿಂದ ಭಾಗಿಸುವುದು, ಕ್ರಾಪ್ ಸೆನ್ಸರ್ ಆದರೆ ಇನ್ನೊಮ್ಮೆ 1.5ರಿಂದ ಭಾಗಿಸುವುದು. ನಿಮಗೆ ಅದು 18 ಸೆಕೆಂಡ್ ಚಿಲ್ಲರೆ ಕೊಡುತ್ತದೆ. ಫಿಲಂ ಕಾಲಕ್ಕೆ ಆ ನಿಯಮ ಸಾಕಾಗಿತ್ತು. ಈಗಿನ ಸೆನ್ಸರಿಗೆ ಅದು ತೀರಾ ಉದಾರ. ನಿಮ್ಮ ಕ್ಯಾಮೆರಾಗೆ 13 ಸೆಕೆಂಡ್ ಇಡಿ. ಧ್ರುವ ನಕ್ಷತ್ರದ ಕಡೆಗೆ ಮುಖ ಮಾಡಿದ್ದರೆ ಸ್ವಲ್ಪ ಹೆಚ್ಚಾದರೂ ನಡೆಯುತ್ತದೆ, ಅಲ್ಲಿ ನಕ್ಷತ್ರಗಳು ನಿಧಾನ. ಆದರೆ ಆಕಾಶಗಂಗೆಯ ನಡುಭಾಗ ಇರುವುದು ಧನು, ವೃಶ್ಚಿಕ ರಾಶಿಗಳ ಕಡೆ. ಅಲ್ಲಿ ಓಟ ಜೋರು.

13 ಸೆಕೆಂಡಿಗೆ ಇಳಿಸಿದರೆ ಬೆಳಕು ಅರ್ಧಕ್ಕಿಂತ ಕಡಿಮೆ ಆಯಿತಲ್ಲ, ಅದಕ್ಕೇ ಅಲ್ಲವೇ ಎಫ್ 2.8 ಬೇಕು ಅಂತ ನೀವು ಕೇಳಬಹುದು. ಎಫ್ ಸಂಖ್ಯೆ ಕಡಿಮೆಯಾದಷ್ಟು ಬೆಳಕು ಹೆಚ್ಚು, ನಿಜ; ಆದರೆ ನಿಮ್ಮ ಲೆನ್ಸ್ 18ರಲ್ಲಿ ಕೊಡುವ ಎಫ್ 3.5ರಿಂದ 2.8ಕ್ಕೆ ಹೋದರೆ ಸಿಗುವ ಬೆಳಕು ಒಂದೂವರೆ ಪಟ್ಟು ಮಾತ್ರ. ಅದೇ ಜಾಗದಿಂದ, ಅದೇ ಚೌಕಟ್ಟಿನಲ್ಲಿ 13 ಸೆಕೆಂಡಿನ 16 ಫೋಟೊಗಳನ್ನು ಬೆನ್ನುಬೆನ್ನಿಗೆ ತೆಗೆದು ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಕೂರಿಸಿದರೆ ಸಿಗುವುದು 16 ಪಟ್ಟು ಬೆಳಕು. ಕಾಳುಕಾಳಾಗಿ ಕಾಣುವ ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಇದಕ್ಕೆ ತಗಲುವುದು ಮೂರೂವರೆ ನಿಮಿಷ. ಖರ್ಚು ಏನೂ ಇಲ್ಲ. ಸೀಕ್ವೇಟರ್, ಸಿರಿಲ್ ಅನ್ನುವ ಸಾಫ್ಟ್‌ವೇರ್‌ಗಳು ಎರಡೂ ಉಚಿತ. ಸೀಕ್ವೇಟರ್‌ನಲ್ಲಿ ಆಕಾಶ ಎಲ್ಲಿ, ನೆಲ ಎಲ್ಲಿ ಅಂತ ಬಳಿದು ತೋರಿಸಿದರೆ ಆಕಾಶವನ್ನು ಬೇರೆ, ನೆಲವನ್ನು ಬೇರೆ ಜೋಡಿಸಿಕೊಡುತ್ತದೆ.

ಮಿಕ್ಕ ಸೆಟ್ಟಿಂಗ್ ಬೇಗ ಹೇಳಿ ಮುಗಿಸುತ್ತೇನೆ. ಝೂಮ್ 18ರಲ್ಲೇ ಇರಲಿ. 55ಕ್ಕೆ ತಿರುಗಿಸಿದರೆ ನಿಮ್ಮ ಲೆನ್ಸ್ ಎಫ್ 5.6 ಆಗಿ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುತ್ತದೆ. ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅನ್ನುವ ಸೆಟ್ಟಿಂಗ್) 3200ರಿಂದ ಶುರು ಮಾಡಿ, ತೀರಾ ಕಪ್ಪಾದರೆ 6400. ಜೆಪೆಗ್ ಬೇಡ, ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ರಾ ಫೈಲ್. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್ ಆಸುಪಾಸು. ಟ್ರೈಪಾಡ್ ಮೇಲಿದ್ದಾಗ ಇಮೇಜ್ ಸ್ಟೆಬಿಲೈಸೇಶನ್ ಆಫ್. ಬಟನ್ ಒತ್ತಿದ ಅಲುಗಾಟ ತಪ್ಪಿಸಲು 2 ಸೆಕೆಂಡಿನ ಟೈಮರ್. ಹಿಂದಿನ ಪರದೆಯನ್ನು ಮಾತ್ರ ನಂಬಬೇಡಿ. ಕತ್ತಲಲ್ಲಿ ಎಂಥ ಕಪ್ಪು ಫೋಟೊವೂ ಅಲ್ಲಿ ಝಗಮಗ ಅನ್ನುತ್ತದೆ, ಮನೆಗೆ ಬಂದು ನೋಡಿದರೆ ಏನೂ ಇರುವುದಿಲ್ಲ. ಹಿಸ್ಟೊಗ್ರಾಮ್ ನೋಡಿ, ಅಂದರೆ ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ಎಷ್ಟಿದೆ ಅಂತ ತೋರಿಸುವ ನಕ್ಷೆ. ಅದರ ಗುಡ್ಡ ಎಡಗೋಡೆಗೆ ಅಂಟದೆ, ಎಡದಿಂದ ಕಾಲು ಭಾಗದಲ್ಲಿ ನಿಂತಿರಬೇಕು.

ಈಗ ಫೋಕಸ್. ಇಲ್ಲಿ ಅವಸರ ಮಾಡಿದವರೇ ಜಾಸ್ತಿ ಕೆಡುತ್ತಾರೆ. ರಿಂಗನ್ನು ಕೊನೆಯವರೆಗೆ ತಿರುಗಿಸಿದರೆ ಅನಂತಕ್ಕೆ ಫೋಕಸ್ ಆಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹೆಚ್ಚಿನ ಲೆನ್ಸ್‌ಗಳು ಅನಂತವನ್ನು ದಾಟಿಯೂ ತಿರುಗುತ್ತವೆ. ಆಟೊಫೋಕಸ್ ಆಫ್ ಮಾಡಿ. ಆಕಾಶದಲ್ಲಿರುವ ಅತಿ ಹೊಳೆಯುವ ನಕ್ಷತ್ರವನ್ನೋ ಗ್ರಹವನ್ನೋ ಚೌಕಟ್ಟಿನ ನಡುವೆ ತನ್ನಿ. ಲೈವ್ ವ್ಯೂ (ಲೆನ್ಸ್ ನೋಡುತ್ತಿರುವುದನ್ನು ಪರದೆಯಲ್ಲಿ ತೋರಿಸುವುದು) ಹಾಕಿ, ಹತ್ತು ಪಟ್ಟು ದೊಡ್ಡದು ಮಾಡಿ, ರಿಂಗನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ. ಚುಕ್ಕಿ ಕುಗ್ಗುತ್ತಾ ಬಂದು ಮತ್ತೆ ಹಿಗ್ಗಲು ಶುರುವಾಗುತ್ತದೆ. ಅತಿ ಕುಗ್ಗಿದ ಜಾಗಕ್ಕೆ ವಾಪಸ್ ಬನ್ನಿ. ಸರಿಯಾದ ಜಾಗ ಸಿಕ್ಕ ಕೂಡಲೇ ಪಕ್ಕದಲ್ಲಿ ಮಂಕಾದ ಪುಟ್ಟ ನಕ್ಷತ್ರಗಳೂ ಥಟ್ಟನೆ ಕಾಣಿಸಿಕೊಳ್ಳುತ್ತವೆ, ಅದೇ ಗುರುತು. ಆಮೇಲೆ ಫೋಕಸ್ ರಿಂಗಿಗೂ ಝೂಮ್ ರಿಂಗಿಗೂ ಟೇಪ್ ಹಚ್ಚಿ.

ಟೇಪ್ ಹಚ್ಚಿದ ಮೇಲೂ ನಿಶ್ಚಿಂತೆ ಇಲ್ಲ. ಕ್ಯಾಮೆರಾ ಜೊತೆಗೇ ಬರುವ ಈಗಿನ ಎಷ್ಟೋ ಕಿಟ್ ಲೆನ್ಸ್‌ಗಳಲ್ಲಿ ಫೋಕಸ್ ಒಳಗಿನ ಮೋಟರಿನ ಕೈಯಲ್ಲಿರುತ್ತದೆ. ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದರೆ, ಅಥವಾ ಅದೇ ತೂಕಡಿಸಿ ಎದ್ದರೆ, ಹಳೆಯ ಜಾಗ ಮರೆತುಬಿಡುವುದುಂಟು. ಚಳಿ ಏರಿದ ಹಾಗೆ ಲೆನ್ಸ್ ಕುಗ್ಗಿಯೂ ಫೋಕಸ್ ಚೂರು ಸರಿಯುತ್ತದೆ. ಹಾಗಾಗಿ ಅರ್ಧ ಗಂಟೆಗೊಮ್ಮೆ ಒಂದು ಫೋಟೊ ದೊಡ್ಡದು ಮಾಡಿ ನೋಡಿ. ನಾನು ಒಮ್ಮೆ ಫೋಕಸ್ ಮಾಡಿ ಮುಗಿಸಿ, ಆಮೇಲೆ ಲೆನ್ಸಿಗೆ ಬೆಚ್ಚಗಿನ ಪಟ್ಟಿ ಸುತ್ತಿದೆ. ಸುತ್ತುವಾಗ ರಿಂಗ್ ಜರುಗಿದ್ದು ಗೊತ್ತೇ ಆಗಲಿಲ್ಲ. ಎರಡು ಗಂಟೆ ಫೋಟೊ ತೆಗೆದೆ. ಎಲ್ಲವೂ ನಾಣ್ಯಗಳೇ! ಅಂದಿನಿಂದ ಮೊದಲು ಪಟ್ಟಿ, ಆಮೇಲೆ ಫೋಕಸ್.

ಆ ಪಟ್ಟಿ ಯಾಕೆ ಅಂದರೆ ಇಬ್ಬನಿಗೆ. ನಿಮ್ಮ ನಡುರಾತ್ರಿಯ 'ಹೊಗೆ' ಅದೇ. ಲೆನ್ಸಿನ ಗಾಜು ತೆರೆದ ಆಕಾಶಕ್ಕೆ ಮುಖ ಮಾಡಿ ಕೂತಾಗ ತನ್ನ ಬಿಸಿಯನ್ನು ಮೇಲಕ್ಕೆ ಬಿಟ್ಟುಕೊಡುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಮೋಡ ಇದ್ದರೆ ಅದು ಹೊದಿಕೆಯ ಹಾಗೆ ಬಿಸಿಯನ್ನು ವಾಪಸ್ ಕಳಿಸುತ್ತದೆ, ಗಾಳಿ ಬೀಸುತ್ತಿದ್ದರೆ ಗಾಜು ಅಷ್ಟು ತಣಿಯುವುದಿಲ್ಲ. ಅಂದರೆ ನಾವು ಹಂಬಲಿಸುವ ತಿಳಿಯಾದ, ಗಾಳಿಯಿಲ್ಲದ ರಾತ್ರಿಯೇ ಲೆನ್ಸಿಗೆ ಶತ್ರು. ಬಟ್ಟೆಯಿಂದ ಒರೆಸಿದರೆ ಎರಡು ನಿಮಿಷ ಸರಿಹೋಗುತ್ತದೆ, ಮತ್ತೆ ಅದೇ ಕಥೆ. ಮಾಡಬೇಕಾದ್ದು ಗಾಜನ್ನು ಗಾಳಿಗಿಂತ ತುಸು ಬೆಚ್ಚಗೆ ಇಡುವುದು. ಯುಎಸ್‌ಬಿಯಿಂದ ನಡೆಯುವ ಡ್ಯೂ ಹೀಟರ್ ಪಟ್ಟಿ ಸಿಗುತ್ತದೆ, ಒಂದು ಪವರ್ ಬ್ಯಾಂಕ್ ಇದ್ದರೆ ಸಾಕು. ಅದು ಇಲ್ಲದಿದ್ದರೆ, ಕೈ ಬೆಚ್ಚಗಿಡಲು ಬಳಸುವ ಪುಟ್ಟ ಹ್ಯಾಂಡ್ ವಾರ್ಮರ್ ಪೊಟ್ಟಣಗಳನ್ನು ಲೆನ್ಸಿನ ಮುಂಭಾಗದ ಸುತ್ತ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಲೆನ್ಸ್ ಹುಡ್ ಹಾಕಿದರೆ ಸ್ವಲ್ಪ ಹೊತ್ತು ತಡೆಯುತ್ತದೆ, ಇಡೀ ರಾತ್ರಿ ತಡೆಯುವುದಿಲ್ಲ. ನಿಮ್ಮ ಕೈಯಲ್ಲಿ ಖರ್ಚು ಮಾಡಲು ದುಡ್ಡಿದ್ದರೆ ಆ ಲೆನ್ಸಿನ ಬದಲು ಈ ಪಟ್ಟಿ, ಇನ್ನೊಂದು ಬ್ಯಾಟರಿ, ತಾನೇ ಒಂದರ ಹಿಂದೊಂದು ಫೋಟೊ ತೆಗೆಸುವ ಒಂದು ಇಂಟರ್ವಲೋಮೀಟರ್ ತೆಗೆದುಕೊಳ್ಳಿ.

ಟೆಂಟ್ ಎಲ್ಲಿ ಹಾಕುತ್ತೀರಿ ಅನ್ನುವುದೂ ಇಬ್ಬನಿಯ ಲೆಕ್ಕಕ್ಕೇ ಬರುತ್ತದೆ. ತಣ್ಣನೆಯ ಗಾಳಿ ಭಾರ, ರಾತ್ರಿ ಅದು ನೀರಿನ ಹಾಗೆ ಇಳಿಜಾರಲ್ಲಿ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಮಂಜು ಮೊದಲು ಕಟ್ಟುವುದು ಅಲ್ಲೇ. ಕೆರೆಯ ದಡದಲ್ಲಿ ನೀರೊಳಗೆ ನಕ್ಷತ್ರ ಕಾಣುತ್ತವೆ ಅಂತ ಎಲ್ಲರಿಗೂ ಆಸೆ. ಆದರೆ ನಡುರಾತ್ರಿಗೆ ಮುಂಚೆಯೇ ಬಟ್ಟೆ, ಚೀಲ, ಲೆನ್ಸ್ ಎಲ್ಲ ತೊಯ್ದಿರುತ್ತವೆ. ತಗ್ಗಿನಿಂದ ಹತ್ತಿಪ್ಪತ್ತು ಮೀಟರ್ ಮೇಲೆ, ಸಮತಟ್ಟಾದ ಜಾಗ ಹುಡುಕಿ. ಒಣಗಿದ ಹಳ್ಳದ ಪಾತ್ರದಲ್ಲಿ ಬೇಡವೇ ಬೇಡ, ಎಲ್ಲೋ ಮೇಲೆ ಮಳೆ ಬಂದರೆ ನೀರು ಕೇಳದೆ ಬರುತ್ತದೆ. ಒಣಕೊಂಬೆ ಇರುವ ಮರದ ಕೆಳಗೂ ಬೇಡ. ಆ ಜಾಗದಲ್ಲಿ ರಾತ್ರಿ ಉಳಿಯಲು ಅನುಮತಿ ಬೇಕೇ ಅಂತ ಮೊದಲೇ ವಿಚಾರಿಸಿ. ಎಲ್ಲಿದ್ದೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿಟ್ಟು ಹೋಗಿ.

ಇನ್ನು ದಿನ, ಹೊತ್ತು. 'ಮುಂದಿನ ತಿಂಗಳು' ಅಂತ ಬರೆದಿದ್ದೀರಲ್ಲ, ಆಕಾಶ ಅಷ್ಟರಲ್ಲಿ ಹೋದ ಸಲಕ್ಕಿಂತ ಸುಮಾರು ನಾಲ್ಕು ಗಂಟೆ ಮುಂದೆ ಸರಿದಿರುತ್ತದೆ. ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುತ್ತವೆ. ಹೋದ ಸಲ ರಾತ್ರಿ ಎರಡಕ್ಕೆ ಕಂಡದ್ದು ಎರಡು ತಿಂಗಳ ನಂತರ ಹತ್ತಕ್ಕೇ ಅಲ್ಲಿರುತ್ತದೆ. ಆಕಾಶಗಂಗೆಯ ದಟ್ಟ ನಡುಭಾಗ ಫೆಬ್ರುವರಿ, ಮಾರ್ಚ್‌ನಲ್ಲಿ ಬೆಳಗಿನ ಜಾವಕ್ಕೆ ಮಾತ್ರ ಕಾಣುತ್ತದೆ. ಜೂನ್, ಜುಲೈನಲ್ಲಿ ನಡುರಾತ್ರಿಯ ಹೊತ್ತಿಗೆ ಎತ್ತರದಲ್ಲಿರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕತ್ತಲಾದ ಕೂಡಲೇ ಕಂಡು ಬೇಗ ಮುಳುಗುತ್ತದೆ. ನವೆಂಬರ್ ಕೊನೆ, ಡಿಸೆಂಬರಿನಲ್ಲಿ ಸೂರ್ಯ ಆ ದಿಕ್ಕಿನಲ್ಲೇ ಇರುವುದರಿಂದ ಆಸೆ ಬಿಡಬೇಕು. ಎಷ್ಟು ಎತ್ತರಕ್ಕೆ ಏರುತ್ತದೆ ಅನ್ನುವುದು ನೀವು ನಿಂತ ಅಕ್ಷಾಂಶದ ಮೇಲೆ: ಸಮಭಾಜಕದಲ್ಲಿ ದಿಗಂತದಿಂದ 61 ಡಿಗ್ರಿ, ಉತ್ತರಕ್ಕೆ 50 ಡಿಗ್ರಿ ಹೋದರೆ ಬರೀ 11. ಸ್ಟೆಲೇರಿಯಂ ಅನ್ನುವ ಆಕಾಶ ನಕ್ಷೆಯ ಆ್ಯಪ್‌ನಲ್ಲಿ ನಿಮ್ಮ ಜಾಗ, ದಿನಾಂಕ ಹಾಕಿದರೆ ನಿಮಿಷದ ಲೆಕ್ಕದಲ್ಲಿ ತೋರಿಸುತ್ತದೆ. ಮನೆಯಲ್ಲೇ ನೋಡಿ, ಹೊತ್ತನ್ನು ಕಾಗದದಲ್ಲಿ ಬರೆದುಕೊಳ್ಳಿ. ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ ಅಂತಲೇ ತಿಳಿಯಿರಿ.

ಚಂದ್ರನ ವಿಷಯದಲ್ಲಿ ಜನ ಅಮಾವಾಸ್ಯೆಯೇ ಬೇಕು ಅಂತ ಹಟ ಹಿಡಿಯುತ್ತಾರೆ. ಅಷ್ಟು ಬೇಕಿಲ್ಲ. ಬಿದಿಗೆ, ತದಿಗೆಯ ಚಂದ್ರ ಕತ್ತಲು ಗಟ್ಟಿಯಾಗುವ ಹೊತ್ತಿಗೆ ಮುಳುಗುವ ದಾರಿಯಲ್ಲಿರುತ್ತಾನೆ. ಶುಕ್ಲಪಕ್ಷದ ಅಷ್ಟಮಿಯ ಚಂದ್ರ ನಡುರಾತ್ರಿಯ ಹೊತ್ತಿಗೆ ಇಳಿಯುತ್ತಾನೆ. ಆಕಾಶಗಂಗೆ ಬೆಳಗಿನ ಜಾವಕ್ಕೆ ಬರುವ ತಿಂಗಳಾದರೆ ಆ ದಿನವೂ ಆಗುತ್ತದೆ. ಚಂದ್ರ ಮುಳುಗುವುದು ದಿನಕ್ಕೆ ಸರಾಸರಿ 50 ನಿಮಿಷ ತಡ ಅನ್ನುವ ಲೆಕ್ಕ ಗೊತ್ತಿದ್ದರೆ ಉಳಿದದ್ದು ನೀವೇ ಹಾಕಬಹುದು. ಸೂರ್ಯನ ಬೆಳಕು ಪೂರ್ತಿ ಹೋಗಬೇಕಾದರೆ ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿಯಬೇಕು. ಸಮಭಾಜಕದ ಸುತ್ತಮುತ್ತ ಇದಕ್ಕೆ ಒಂದೂಕಾಲು ಗಂಟೆ ಸಾಕು. 50 ಡಿಗ್ರಿಯಿಂದ ಆಚೆ ನಡುಬೇಸಿಗೆಯಲ್ಲಿ ಅಂಥ ಕತ್ತಲು ಬರುವುದೇ ಇಲ್ಲ.

ಇದನ್ನೆಲ್ಲ ಕೂಡಿ ಕಳೆದರೆ ನಿಮ್ಮ ಇಡೀ ರಾತ್ರಿಯಲ್ಲಿ ಬೇಕಾದ ಕತ್ತಲು, ಬೇಕಾದ ಎತ್ತರ, ಚಂದ್ರನಿಲ್ಲದ ಆಕಾಶ ಮೂರೂ ಕೂಡುವುದು ಎರಡೋ ಮೂರೋ ಗಂಟೆ. ಹೋದ ಸಲ ನೀವು ಸಂಜೆಯಿಂದ ಬೆಳಗಿನವರೆಗೆ ಸುಮ್ನೆ ಕ್ಲಿಕ್ ಮಾಡಿದ್ದೀರಿ ಅಂತ ನನ್ನ ಊಹೆ. ನೂರಾರು ಫೋಟೊ ಅಂದಿರಲ್ಲ. ಈ ಸಲ ಆ ಮೂರು ಗಂಟೆಗೆ ಮಾತ್ರ ಎಚ್ಚರ ಇರಿ, ಮಿಕ್ಕ ಹೊತ್ತು ಮಲಗಿ. ನಿದ್ದೆಗೆಟ್ಟ ಕಣ್ಣಿಗೆ ಫೋಕಸ್ ತಪ್ಪಿದ್ದು ಕಾಣುವುದಿಲ್ಲ. ಮೂರು ಜನ ಇದ್ದೀರಿ, ಸರದಿ ಹಾಕಿಕೊಳ್ಳಬಹುದು.

ಹಾಗಾದರೆ ಆ ರಾತ್ರಿ ಹೀಗಿರಲಿ. ಸೂರ್ಯ ಮುಳುಗುವ ಎರಡು ಗಂಟೆ ಮೊದಲೇ ಅಲ್ಲಿರಿ. ಕತ್ತಲಲ್ಲಿ ಹೋಗಿ ಜಾಗ ಹುಡುಕಿದರೆ ಬಂಡೆ ಯಾವುದು, ಗುಂಡಿ ಯಾವುದು ಗೊತ್ತಾಗುವುದಿಲ್ಲ, ಚೌಕಟ್ಟಿನ ಮಾತು ಹಾಗಿರಲಿ. ಬೆಳಕಿರುವಾಗಲೇ ದಿಕ್ಸೂಚಿ ಹಿಡಿದು ಆಕಾಶಗಂಗೆ ಏಳುವ ದಿಕ್ಕು ನೋಡಿ. ಆ ಕಡೆಗೆ ಊರಿನ ಬೆಳಕಿನ ಹೊಳಪು ಇರಬಾರದು. ಒಂಟಿ ಮರವೋ ಬಂಡೆಯೋ ಏನಾದರೂ ಒಂದು ಮುಂದಿರಲಿ. ಬರೀ ನಕ್ಷತ್ರಗಳ ಫೋಟೊ ಎಲ್ಲಿಯದೂ ಆಗಬಹುದು. ಟೆಂಟ್ ಕ್ಯಾಮೆರಾದ ಬೆನ್ನ ಹಿಂದೆ ಇರಲಿ. ಟ್ರೈಪಾಡ್ ತಗ್ಗಿಸಿ, ನಡುಗಂಬ ಎತ್ತದೆ ಗಟ್ಟಿಯಾಗಿ ನಿಲ್ಲಿಸಿ. ಕಾಲುಗಳಿಗೆ ಬಿಳಿ ಟೇಪ್ ಸುತ್ತಿದರೆ ಯಾರೂ ಎಡವುವುದಿಲ್ಲ. ಟೆಂಟಿನ ಹಗ್ಗಗಳಿಗೂ ಅಷ್ಟೇ.

ಸೂರ್ಯ ಮುಳುಗಿ ಅರ್ಧ ಗಂಟೆಗೆ, ಬೆಳಕು ನೀಲಿಯಾಗಿರುವಾಗ, ನೆಲದ ಫೋಟೊ ಒಂದೆರಡು ತೆಗೆಯಿರಿ. ಕಡಿಮೆ ಐಎಸ್‌ಒದಲ್ಲಿ ಮರ, ಬಂಡೆ ಎಲ್ಲ ಚೊಕ್ಕವಾಗಿ ಬರುತ್ತವೆ. ಆಮೇಲೆ ಟ್ರೈಪಾಡ್ ಅಲ್ಲಾಡಿಸದೆ ಆಕಾಶಕ್ಕಾಗಿ ಕಾಯಿರಿ, ಎರಡನ್ನೂ ಮನೆಯಲ್ಲಿ ಜೋಡಿಸಿ. ಇದು ಮೋಸ ಅನ್ನುವವರಿದ್ದಾರೆ. ಅದೇ ಜಾಗ, ಅದೇ ರಾತ್ರಿ, ಅದೇ ಚೌಕಟ್ಟು ಆದರೆ ನನ್ನ ಲೆಕ್ಕದಲ್ಲಿ ಮೋಸ ಅಲ್ಲ. ಬೇರೆಲ್ಲೋ ತೆಗೆದ ಆಕಾಶ ತಂದು ಅಂಟಿಸಿದರೆ ಮೋಸ.

ಕತ್ತಲಾದ ಮೇಲೆ ಬಿಳಿ ಬೆಳಕು ಬಂದ್. ಕಣ್ಣು ಕತ್ತಲಿಗೆ ಹೊಂದಲು 20–30 ನಿಮಿಷ ಬೇಕು, ಒಬ್ಬರು ಮೊಬೈಲ್ ಬೆಳಗಿಸಿದರೆ ಅಷ್ಟೂ ಹೋಯಿತು. ಕೆಂಪು ಬೆಳಕಿನ ಹೆಡ್‌ಲ್ಯಾಂಪ್ ಮೂವರಿಗೂ ಇರಲಿ. ಬೆಂಕಿ ಹಾಕುವ ಆಸೆ ಇದ್ದರೆ ಊಟದ ಹೊತ್ತಿಗೇ ಮುಗಿಸಿ, ನೀರು ಹಾಕಿ ಪೂರ್ತಿ ಆರಿಸಿ. ಹೊಗೆಯೂ ಚೌಕಟ್ಟಿಗೆ ಬರುತ್ತದೆ. ಒಳಗಿನಿಂದ ಬೆಳಗುವ ಟೆಂಟನ್ನೇ ಫೋಟೊದಲ್ಲಿ ಸೇರಿಸಬೇಕು ಅಂತಿದ್ದರೆ, ಅದಕ್ಕೆ ಬೇರೆ ಫೋಟೊ ತೆಗೆಯಿರಿ, ಒಳಗಿನ ಬೆಳಕನ್ನು ಒಂದೇ ಸೆಕೆಂಡ್ ಹಾಕಿ ಆರಿಸಲು ಹೇಳಿ. ನಮ್ಮ ಗೆಳೆಯನೊಬ್ಬ ಹದಿನೈದು ಸೆಕೆಂಡೂ ದೀಪ ಹಾಕಿ ಕೂತಿದ್ದ. ಟೆಂಟ್ ಹೊತ್ತಿ ಉರಿಯುತ್ತಿರುವ ಹಾಗೆ ಬಂತು.

ಹೊತ್ತು ಬಂದಾಗ ಪಟ್ಟಿ ಸುತ್ತಿ, ಫೋಕಸ್ ಮಾಡಿ, 13 ಸೆಕೆಂಡಿನ ಇಪ್ಪತ್ತು ಫೋಟೊ. ವಿಮಾನ, ಉಪಗ್ರಹ ಹಾದವನ್ನು ಬಿಟ್ಟರೂ ಹದಿನಾರು ಉಳಿಯುತ್ತವೆ. ತೆಗೆದದ್ದನ್ನು ದೊಡ್ಡದು ಮಾಡಿ ನೋಡಿ. ಚೆನ್ನಾಗಿದ್ದರೆ ಒಂದು ಗಂಟೆ ಬಿಟ್ಟು ಮತ್ತೊಮ್ಮೆ ಇಪ್ಪತ್ತು, ಅಷ್ಟರಲ್ಲಿ ಆಕಾಶಗಂಗೆ ಬೇರೆ ಕೋನದಲ್ಲಿ ನಿಂತಿರುತ್ತದೆ. ಅಷ್ಟಾದರೆ ಕೆಲಸ ಮುಗಿಯಿತು. ಮಲಗುವ ಮುನ್ನ ಕ್ಯಾಮೆರಾವನ್ನು ಧ್ರುವದ ಕಡೆ ತಿರುಗಿಸಿ, ಇಂಟರ್ವಲೋಮೀಟರ್ ಹಾಕಿ, 30 ಸೆಕೆಂಡಿನ ಫೋಟೊ ಒಂದರ ಹಿಂದೊಂದು ಎರಡು ಗಂಟೆ ತೆಗೆಯಲು ಬಿಡಿ. ಇಲ್ಲಿ ಗೀರೇ ಬೇಕು. ಸ್ಟಾರ್‌ಸ್ಟ್ಯಾಕ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕೂಡಿಸಿದರೆ ಒಂದೊಂದು ನಕ್ಷತ್ರವೂ 30 ಡಿಗ್ರಿಯ ಕಮಾನು ಬಿಡಿಸಿರುತ್ತದೆ. ಕ್ಯಾಮೆರಾದ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಮಾತ್ರ ಆಫ್ ಮಾಡಿರಿ. ಅದು ಪ್ರತಿ ಫೋಟೊ ಆದ ಮೇಲೂ ಅಷ್ಟೇ ಹೊತ್ತು ಕತ್ತಲ ಫೋಟೊ ತೆಗೆಯುತ್ತಾ ಕೂರುತ್ತದೆ, ಕಮಾನುಗಳು ತುಂಡುತುಂಡಾಗುತ್ತವೆ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ಹೊಸದಾಗಿ ಚಾರ್ಜ್ ಮಾಡಿದ್ದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದು ಆಗ ಹಾಕಿ.

ಚಳಿ ನಿಮಗೂ ಅಷ್ಟೇ. ನಡೆಯುವಾಗ ಗೊತ್ತಾಗದ ಚಳಿ, ಟ್ರೈಪಾಡ್ ಪಕ್ಕ ಸುಮ್ಮನೆ ನಿಂತಾಗ ಮೂಳೆಗೆ ಇಳಿಯುತ್ತದೆ. ಹವಾಮಾನ ಹೇಳುವುದಕ್ಕಿಂತ ಒಂದು ಪದರ ಜಾಸ್ತಿ ಬಟ್ಟೆ ಒಯ್ಯಿರಿ. ಮಲಗುವ ಚೀಲ ಎಷ್ಟೇ ದಪ್ಪ ಇರಲಿ, ಕೆಳಗೆ ಮ್ಯಾಟ್ ಇಲ್ಲದಿದ್ದರೆ ನೆಲ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಮಲಗುವಾಗ ಒಣಗಿದ ಸಾಕ್ಸ್ ಹಾಕಿಕೊಳ್ಳಿ. ಟೆಂಟಿನ ಗಾಳಿಕಿಂಡಿ ಚಳಿಯೆಂದು ಮುಚ್ಚಬೇಡಿ, ಮೂವರ ಉಸಿರೇ ಬೆಳಿಗ್ಗೆ ಛಾವಣಿಯಿಂದ ತೊಟ್ಟಿಕ್ಕುತ್ತದೆ.

ತಣ್ಣಗಾದ ಕ್ಯಾಮೆರಾವನ್ನು ಹಾಗೇ ಬೆಚ್ಚಗಿನ ಟೆಂಟಿಗೋ ಕಾರಿಗೋ ತಂದರೆ ಹೊರಗೂ ಒಳಗೂ ನೀರು ಕೂರುತ್ತದೆ. ಹೊರಗೇ ಮೆಮೊರಿ ಕಾರ್ಡ್ ತೆಗೆದುಕೊಂಡು, ಕ್ಯಾಮೆರಾವನ್ನು ಗಟ್ಟಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಒಳಗೆ ತನ್ನಿ. ಒಂದೆರಡು ಗಂಟೆ ಚೀಲ ಬಿಚ್ಚಬೇಡಿ. ಬೆಳಿಗ್ಗೆ ಶೂ ಹಾಕುವ ಮುಂಚೆ ಕೊಡವಿ ನೋಡಿ. ಆ 16 ಫೋಟೊ ಜೋಡಿಸಿದ ಮೇಲೂ ನಕ್ಷತ್ರ ಮಸುಕಾಗಿಯೇ ಇದ್ದರೆ ಮೂಲ ರಾ ಫೈಲುಗಳಲ್ಲಿ ಎರಡನ್ನು ಕಳಿಸಿ, ಲೆನ್ಸಿನ ಮಾತು ಆಗ ಆಡೋಣ.